ಅಣ್ಣನ ಜೊತೆ ಒಂದು ಹಾಡು

ಮಾರ್ಚ್ ತಿಂಗಳು ಮುಗಿಯುತ್ತ ಬಂದಿತ್ತು, ಮಧ್ಯಾಹ್ನ ಮೂರರ ಹೊತ್ತು. ಬ್ರಾಂಕ್ಸಿನ ಬೇಕರಿಯೊಂದರ ಮೇಲಿನ ಸ್ಟುಡಿಯೋದಲ್ಲಿ, ನೆರೇಯಿದಾ ಮೈಕಿನ ಮುಂದೆ ನಿಂತಲ್ಲಿ ನಿಲ್ಲಲಾರದೆ ಶಾಲನ್ನು ಹೊದೆಯುತ್ತಿದ್ದಳು, ತೆಗೆಯುತ್ತಿದ್ದಳು. ಆಲ್ಬಮ್ಮಿನ ಮಿಕ್ಕ ಹಾಡುಗಳೆಲ್ಲ ಆಗಿದ್ದವು. ಒಂದೊಂದಕ್ಕೂ ಅವಳ ದನಿ, ಜೊತೆಗೆ ಒಂದೇ ವಾದ್ಯ. ಉಳಿದದ್ದು ಅಣ್ಣ ಎಲಾದಿಯೊನ ಕೊಂಗಾ ಡೋಲಿನ ಜೊತೆಯದು. ಅವನು ಗುರುವಾರ ಪೋರ್ಟೊರಿಕೊಗೆ ಹೋಗಿಬಿಡುವವನು. ಬೆರಳ ಗಂಟುಗಳಿಗೆ ಇಲ್ಲಿಯ ಚಳಿ ಆಗದು. ಇವತ್ತು ಆಗದಿದ್ದರೆ ಇನ್ನಿಲ್ಲ.

ಇಬ್ಬರೂ ಕೊನೆಯ ಸಲ ಜೊತೆಗೂಡಿ ಹಾಡಿ ನುಡಿಸಿ ಮೂವತ್ತು ವರ್ಷವಾಗಿತ್ತು. ಮೂರು ಪೆಟ್ಟು, ಆಮೇಲೆ ಎರಡು: ಅಪ್ಪ ಊಟದ ಮೇಜಿನ ಮೇಲೆ ಚಮಚದಿಂದ ಕುಟ್ಟಿ ಕಲಿಸಿದ್ದ ಕ್ಲಾವೆ ತಾಳ. ಹಾಡು ಅದರ ಮೇಲೆ ಕೂರಬೇಕು. ಮೂರಿದ್ದ ಕಡೆ ಎರಡೆಂದು ಹಿಡಿದು ಎತ್ತಿದರೆ ಕೆಟ್ಟಿತೆಂದೇ ಲೆಕ್ಕ. ಒಂದು ಮದುವೆಯಲ್ಲಿ ಅವಳು ಹಾಗೆ ಎತ್ತಿದಾಗ ಎಲಾದಿಯೊ ಡೋಲು ನಿಲ್ಲಿಸಿ, ಕುಣಿಯುತ್ತಿದ್ದವರೆಲ್ಲರ ಎದುರು, "ಮನೆಗೆ ಹೋಗಿ ಎಣಿಸೋದು ಕಲಿ" ಎಂದಿದ್ದ. ಆಮೇಲೂ ಹಬ್ಬಕ್ಕೆ ಒಟ್ಟಿಗೆ ಉಂಡರು. ಹಾಡಲಿಲ್ಲ.

ಇವತ್ತು ಅವಳು ಎಲ್ಲೂ ತಪ್ಪಿರಲಿಲ್ಲ. ಅದೇ ತೊಂದರೆಯಾಗಿತ್ತು.

"ಬ್ಯಾಂಕಲ್ಲಿ ಸಾಲು ನಿಂತ ಹಾಗೆ ಹಾಡ್ತಿದೀಯಲ್ಲೇ," ಎಂದ ಎಲಾದಿಯೊ, ಬೆರಳುಗಳಿಗೆ ಉಸಿರು ಊದಿಕೊಳ್ಳುತ್ತ.

"ತಾಳ ಹಾಕೋ ನಿನ್ನ ಕಾಲು ನೋಡ್ಕೊಂಡು ಹಾಡ್ತಿದೀನಿ. ಇನ್ನೇನ್ ಮಾಡ್ಲಿ?"

"ಅಲ್ಲೇನಿದೆ ನೋಡೋಕೆ, ಹರಕು ಸಾಕ್ಸು."

ಅವನು ಡೋಲಿನ ಚರ್ಮ ಸಡಿಲಿಸಲು ಕೀಲಿ ಎತ್ತಿಕೊಂಡ. ನುಡಿಸಿ ಮುಗಿದೊಡನೆ ಸಡಿಲಿಸಲೇಬೇಕು, ಇಲ್ಲದಿದ್ದರೆ ಹರಿಯುತ್ತದೆ ಎನ್ನುವವನು.

"ಇಡು ಕೆಳಗೆ," ಎಂದಳು ನೆರೇಯಿದಾ. "ಇನ್ನೊಂದ್ ಸಲ."

"ರೈಲಿನ ಸದ್ದು ಹೋಗ್ಲಿ ಅತ್ತೆ," ಎಂದಳು ಗಾಜಿನಾಚೆ ಧ್ವನಿಮುದ್ರಣಕ್ಕೆ ಕೂತಿದ್ದ ಎಲಾದಿಯೊನ ಮಗಳು ಯಾದಿರಾ. "ಹಾಂ, ಈಗ. ಅಪ್ಪ, ಮಾತು ಸಾಕು."

ಅಮ್ಮ ಬಟ್ಟೆ ಒಣಹಾಕುತ್ತ ಗುನುಗುತ್ತಿದ್ದ ಹಾಡು ಅದು. ಈ ಸಲ ನೆರೇಯಿದಾ ಕಣ್ಣು ಮುಚ್ಚಿದಳು. ಎರಡನೆಯ ಚರಣಕ್ಕೆ ಬಾಯಿ ತಾನಾಗಿ ತೆರೆಯಿತು. ತೆರೆದ ಮೇಲೆ ಗೊತ್ತಾಯಿತು, ತಪ್ಪು ಕಡೆ. ಡೋಲು ನಿಲ್ಲುವುದನ್ನೇ ಕಾಯುತ್ತ ಹಾಡಿದಳು.

ನಿಲ್ಲಲಿಲ್ಲ. ಎಲಾದಿಯೊನ ಕೈ ಗಾಳಿಯಲ್ಲಿ ಒಂದು ಚಣ ತಡೆದು, ಪೆಟ್ಟು ನುಂಗಿ, ಅವಳು ಎತ್ತಿದ್ದ ಕಡೆಗೆ ತಿರುಗಿ ಇಳಿಯಿತು. ಯಾರಿಗಾಗಿಯೂ ತಿರುಗದಿದ್ದ ಕೈ. ಕಣ್ಣು ತೆರೆಯದೆ ಕೊನೆಯವರೆಗೂ ಹಾಡಿದಳು.

"ಅದನ್ನ ಅಳಿಸು ಯಾದಿರಾ," ಎಂದಳು ಆಮೇಲೆ.

"ಇರ್ಲಿ ಬಿಡು," ಎಂದ ಎಲಾದಿಯೊ.

"ಎಲಾದಿಯೊ ಕ್ಲಾವೆ ತಿರುಗಿಸಿದ ಅಂತ ನಮ್ಮವರೆಲ್ಲ ಆಡ್ಕೋತಾರೆ ಕಣೋ."

"ಆಡ್ಕೊಳ್ಳಲಿ. ಕೇಳೋಕೆ ನಾನಿಲ್ಲಿ ಇರೋದಿಲ್ವಲ್ಲ." ಅವನು ಕೋಟಿನ ತೋಳು ಹುಡುಕುತ್ತಿದ್ದ. "ಅಮ್ಮಾನೂ ಅಲ್ಲೇ ಎತ್ತೋಳು."

ವಿಮಾನಕ್ಕೆ ಭಾರವೆಂದು ಡೋಲನ್ನು ಆ ಸಂಜೆ ತಂಗಿಯ ಅಡುಗೆಮನೆಯಲ್ಲಿ ಇಳಿಸಿದ. ಕೀಲಿಯನ್ನು ಪಕ್ಕದಲ್ಲಿಟ್ಟ, ಚರ್ಮ ಮಾತ್ರ ಬಿಗಿದಂತೆಯೇ ಇತ್ತು. ಕಿಟಕಿಯಾಚೆ ರೈಲು ಹೋದಾಗಲೆಲ್ಲ ಅದು ಸಣ್ಣಗೆ ಗುಂಯ್ ಎನ್ನುತ್ತಿತ್ತು, ನೆರೇಯಿದಾ ಕೀಲಿ ಮುಟ್ಟಲಿಲ್ಲ. ಎಲಾದಿಯೊ ಹೊರಟದ್ದು ಗುರುವಾರ, ಬೆಳಗಿನ ವಿಮಾನಕ್ಕೆ.