ಮಾಲಕ ಆಫ್ ಝಾಲೆ

ತಿದ್ದದೆ ಹಾಗೇ ಬಿಟ್ಟರೆ? ಬಿಟ್ಟರೆ ಸಂದೇಶ ಹೋಗುತ್ತದೆ, ಅಕ್ಕಲಕೋಟದಿಂದ ಯಾರಾದರೂ ಫೋನ್ ಮಾಡಿ ಬೈಯುತ್ತಾರೆ, ಈ ಯಂತ್ರದ ಸಹವಾಸವೇ ಬೇಡ ಎಂದು ಪೇಢಿಯ ಯಜಮಾನ ದಾಮೋದರ ಶೇಟರು ಕೈಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಆದರೆ ಬೈಗುಳಕ್ಕೆ ಮೊದಲು ಆ ಸಂದೇಶವನ್ನು ಒಬ್ಬ ಹೆಂಗಸು ಓದಬೇಕು. ಅದನ್ನು ದಾಟಿ ಯೋಚಿಸಲು ವೇದಾಂತನಿಗೆ ಆಗುತ್ತಿರಲಿಲ್ಲ.

ಎದುರಿಗೆ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ಸೊಲ್ಲಾಪುರದ ಚಾದರ, ಟಾವೆಲ್‌ಗಳನ್ನು ಸಗಟು ಮಾರುವ ಆ ಪೇಢಿಯ ಗಿರಾಕಿಗಳೆಲ್ಲ ಸಿಆರ್‌ಎಮ್ ಎಂಬ ಸಾಫ್ಟ್‌ವೇರಿನೊಳಗಿದ್ದರು. ಅದಕ್ಕೆ ಒಂದು ಎಐ ಏಜೆಂಟ್ ಜೋಡಿಸುವುದು ವೇದಾಂತನ ಕೆಲಸ. ಒಂದು ಕಮಾಂಡ್ ಕೊಟ್ಟರೆ ಗಿರಾಕಿಯ ಮಾಹಿತಿ ತೆರೆಯುತ್ತದೆ, ಇನ್ನೊಂದಕ್ಕೆ ಹಳೆಯ ಟಿಪ್ಪಣಿ ಬರುತ್ತದೆ, ಮತ್ತೊಂದಕ್ಕೆ ಸಂದೇಶ ಹೋಗುತ್ತದೆ. ಈ ಕಮಾಂಡುಗಳನ್ನು ಏಜೆಂಟಿನ ಕೈಗೆ ಕೊಟ್ಟಿದ್ದ. ಇನ್ನು ಅದೇ ಓದಿ, ಅದೇ ಬರೆದು, ಅದೇ ಕಳಿಸಬೇಕು. ಸದ್ಯಕ್ಕೆ ಕಳಿಸದೆ ತೋರಿಸು ಎಂದಷ್ಟೇ ಹೇಳಿಟ್ಟಿದ್ದ.

ಅದು ತೋರಿಸಿದ್ದು ಹೀಗಿತ್ತು: ‘ನಮಸ್ಕಾರ ಅಮೃತಪ್ಪನವರೆ, ತಾವು ರಜೆಯ ಮೇಲಿದ್ದಿರೆಂದು ತಿಳಿಯಿತು. ಚೆನ್ನಾಗಿ ವಿಶ್ರಾಂತಿ ಸಿಕ್ಕಿರಬೇಕು. ಅಂಗಡಿಗೆ ಮರಳಿದ ಮೇಲೆ ತಿಳಿಸಿ, ಹೊಸ ಚಾದರಗಳು ಬಂದಿವೆ.’ ಟಿಪ್ಪಣಿಯಲ್ಲಿ ಇದ್ದದ್ದು ಮರಾಠಿಯ ಮೂರೇ ಶಬ್ದ. ಮಾಲಕ ಆಫ್ ಝಾಲೆ.

ಆ ಕಡೆ ಸತ್ತರು ಎನ್ನಲು ಬಾಯಿ ಬರುವುದಿಲ್ಲ. ಮರಾಠಿಯವರಾಗಲಿ ಕನ್ನಡದವರಾಗಲಿ, ಆಫ್ ಆದರು ಎನ್ನುತ್ತಾರೆ. ಅಕ್ಕಲಕೋಟದ ಮಠದ ಹಾದಿಯಲ್ಲಿ ಯಾತ್ರಿಕರಿಗೆ ಟಾವೆಲ್ ಮಾರುತ್ತಿದ್ದ ಅಮೃತಪ್ಪ ದೀಪಾವಳಿಗೆ ಮೊದಲು ಆಫ್ ಆಗಿದ್ದ. ಅಂಗಡಿಯಲ್ಲಿ ಈಗ ಕೂರುವವಳು ಅವನ ಹೆಂಡತಿ ಕಸ್ತೂರಬಾಯಿ. ಫೋನಿನ ನಂಬರು ಅದೇ.

ಟಿಪ್ಪಣಿ ಬರೆದವಳು ಗೋಪಿಕಾ, ವೇದಾಂತನ ಅಣ್ಣನ ಹೆಂಡತಿ. ಪೇಢಿಯ ಫೋನಿನ ಟೇಬಲ್ಲು ಅವಳದು. ಊರೂರಿನ ಅಂಗಡಿಯವರನ್ನು ಮಾತಾಡಿಸಿ, ಮಾಲು ಬೇಕೇ ಎಂದು ಕೇಳಿ, ಅವರು ಹೇಳಿದ್ದನ್ನು ಎರಡು ಮೂರು ಶಬ್ದದಲ್ಲಿ ಟೈಪ್ ಮಾಡಿಡುತ್ತಿದ್ದಳು. ಪದವಿ ಮುಗಿಸಿ ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದ ಮೈದುನನನ್ನು ಶೇಟರ ಮುಂದೆ ಕರೆದುಕೊಂಡು ಬಂದು ನಿಲ್ಲಿಸಿದವಳೂ ಅವಳೇ. ಮನೆಯಲ್ಲಿ ಅವಳು ಯಾವ ಮಾತಿಗೂ ಬಾಯಿ ಹಾಕುತ್ತಿರಲಿಲ್ಲ. ಅಡುಗೆಗೆ ಏನು ಮಾಡಲಿ ಎಂಬುದನ್ನೂ ಅತ್ತೆಯನ್ನು ಕೇಳಿ ಮಾಡುತ್ತಿದ್ದಳು. ಪೇಢಿಗೆ ಬಂದು ಹೆಡ್‌ಫೋನು ಏರಿಸಿದರೆ ದನಿಯೇ ಬೇರೆ. ಒಮ್ಮೆ ಅವಳೇ ಹೇಳಿದ್ದಳು: “ಮನ್ಯಾಗ ನನ್ನ ಯಾರ ಕೇಳ್ತಾರ? ಇಲ್ಲಿ ಅರ್ಧಾ ಜಿಲ್ಲಾ ಕೇಳ್ತದ.”

ಹೋದ ವಾರ ಶೇಟರು ವೇದಾಂತನನ್ನು ಒಳಗೆ ಕರೆದಿದ್ದರು. ಅಕ್ಕಲಕೋಟ ಲೈನಿನ, ಅಂದರೆ ಆ ಹಾದಿಯ ಊರುಗಳ ಗಿರಾಕಿಗಳ ಮೇಲೆ ಮೊದಲು ನಡೆಸಿ ನೋಡು, ಸರಿಹೋದರೆ ಎಲ್ಲ ಲೈನಿಗೂ ಹಾಕೋಣ, ಫೋನಿನ ಟೇಬಲ್ಲು ಆಮೇಲೆ ಬೇಕಾಗುವುದಿಲ್ಲ ಎಂದಿದ್ದರು. ಚಹಾ ಕುಡಿಸಿ, ದನಿ ಇಳಿಸಿ ಮತ್ತೊಂದು ಮಾತು ಸೇರಿಸಿದರು.

“ಸದ್ಯಾ ಮನ್ಯಾಗ ಬಾಯಿ ಬಿಡಬ್ಯಾಡ. ಸಂಕ್ರಮಣ ಮುಗೀಲಿ, ನಾನ ಹೇಳ್ತೀನಿ ಆಕಿಗೆ.”

ಅವನು ತಲೆ ಆಡಿಸಿದ್ದ. ಅಂದಿನಿಂದ ಬೆಳಿಗ್ಗೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ, ಸಂಜೆ ಹಾಗೇ ಹೋಗುತ್ತಿದ್ದ. ಹೇಳಿದರೆ ಶೇಟರು ಬಿಡುವುದಿಲ್ಲ. ಕೆಲಸ ಬಿಟ್ಟರೆ ಕಾರಣ ಕೇಳುವವಳು ಅವಳೇ. ಏಜೆಂಟು ತಾನಾಗಿ ಎಡವಲಿ ಎಂದು ಕಾದಿದ್ದ. ಈಗ ಎಡವಿತ್ತು, ತಾನು ಬರೀ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವನಿಗೆ ಬರುವ ಕೆಲಸವೇ.

ಊಟದ ಡಬ್ಬಿ ತೊಳೆದುಕೊಂಡು ಬಂದ ಗೋಪಿಕಾ ಕೈ ಒರೆಸುತ್ತ ಅವನ ಕುರ್ಚಿಯ ಹಿಂದೆ ನಿಂತಳು. ಏಜೆಂಟ್ ಎಂದರೆ ವಿಮೆ ಮಾಡಿಸುವವನೇ ಅಲ್ಲವೇ ಎಂದು, ಇದು ಬಂದಾಗಿನಿಂದ ಅವಳಿಗೆ ಅದೊಂದು ಚೇಷ್ಟೆಯಾಗಿತ್ತು. ತನ್ನ ಕೈಕೆಳಗೆ ಒಬ್ಬ ಸಹಾಯಕ ಬರುತ್ತಾನೆ ಎಂದೇ ಅವಳು ತಿಳಿದಿದ್ದಳು.

“ಏನಂತಾನ ನಿನ್ನ ಎಜೆಂಟ? ಇವತ್ತರ ಯಾರಿಗಾರ ವಿಮಾ ಮಾಡಿಸಿದನೇನು?”

ವೇದಾಂತ ಪರದೆಯನ್ನು ಕೆಳಗೆ ಸರಿಸಲು ಹೋದ. ಕೈ ತಡವಾಯಿತು. ಅವಳು ಬಗ್ಗಿ, ತುಟಿ ಆಡಿಸುತ್ತ ಓದಿದಳು. ನಗು ನಿಂತಿತು.

“ಅಯ್ಯ, ಇದೇನ ಇದು? ರಜಾ? ಅಮೃತಪ್ಪಕಾಕಾ ಹೋಗ್ಯಾರಲ್ಲೋ. ಇದನ್ನ ಕಸ್ತೂರಬಾಯಿ ಓದಿದ್ರ ಏನಾಗಬೇಕು?”

ಅವನು ಕೀಲಿಮಣೆಯತ್ತ ಬಗ್ಗಿದ.

“ಇಷ್ಟ ಸಾಲಿ ಕಲ್ತು ಆಫ್ ಅಂದ್ರ ತಿಳೀಲಿಲ್ಲೇನು ನಿಂಗ? ಅದು ಪರದೇಶದ್ದು, ಅದಕ್ಕ ತಿಳ್ಯಾಂಗಿಲ್ಲ. ನೀ ಇಲ್ಲೀಂವ ಅಲ್ಲೇನು?”

“ಲಕ್ಷ್ಯಕ್ಕ ಬರಲಿಲ್ರಿ ವೈನಿ.”

“ಹಾಕು, ಈಗ ಹಾಕು. ನಾ ಹೇಳ್ತೀನಿ.”

ಅವಳು ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. ಏಜೆಂಟ್ ಓದುವ ಸೂಚನೆಗಳ ಕಡತವನ್ನು ವೇದಾಂತ ತೆರೆದ. ಆಫ್ ಎಂದರೆ ತೀರಿಕೊಂಡವರು, ಅಂಗಡಿ ಈಗ ಕಸ್ತೂರಬಾಯಿಯದು, ಮೊದಲು ಮನೆಯವರನ್ನು ವಿಚಾರಿಸಬೇಕು, ಮಾಲಿನ ಮಾತು ಆಮೇಲೆ ಎಂದಳು. ಅಷ್ಟಕ್ಕೆ ನಿಲ್ಲಿಸಲಿಲ್ಲ. ‘ಬಘೂ’ ಎಂದರೆ ನೋಡುತ್ತಾರೆ ಅಂತಲ್ಲ, ಬೇಡ ಅಂತ. ‘ಯೇತೋ’ ಎಂದು ಫೋನಿಟ್ಟರೆ ಅವರು ಬರುವವರಲ್ಲ, ಬರೀ ಫೋನಿಟ್ಟರು ಅಂತ. ಮುಂದಿನ ಮಾತಿಗೆ ಕಣ್ಣು ಮುಚ್ಚಿ ನೆನೆಯುವಳು, ನೆನಪಾದಾಗ ಮಗುವಿನ ಹಾಗೆ ಅವನ ಮೊಣಕೈ ತಟ್ಟುವಳು. ವೇದಾಂತ ಬೆರಳಾಡಿಸುತ್ತಲೇ ಇದ್ದ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾಳೆ ಎಂಬುದೊಂದೇ ಅವನಿಗೆ ಹೊಳೆಯುತ್ತಿದ್ದದ್ದು.

ಮತ್ತೆ ಕಮಾಂಡ್ ಕೊಟ್ಟಾಗ ಸಂದೇಶ ಬದಲಾಗಿ ಬಂತು. ಕಸ್ತೂರಬಾಯಿಯ ಹೆಸರು ಹಿಡಿದು, ಯಜಮಾನರಿಲ್ಲದ ಅಂಗಡಿಯನ್ನು ನೀವು ನಡೆಸುತ್ತಿದ್ದೀರಿ, ನಮ್ಮಿಂದ ಏನಾಗಬೇಕೋ ಹೇಳಿ ಎಂದಿತ್ತು. ಚಾದರದ ಮಾತೇ ಇರಲಿಲ್ಲ. ಗೋಪಿಕಾ ಇದನ್ನು ಎರಡು ಸಲ ಓದಿದಳು.

“ಚಲೋ ಬರದಾನ,” ಎಂದಳು ಮೆಲ್ಲಗೆ. “ಕಳಿಸು.”

ಕಳಿಸಿದ.

ಮರುದಿನ ಕಸ್ತೂರಬಾಯಿ ಫೋನ್ ಮಾಡಿದಳು. ಆಚೆಯ ಅಳು ವೇದಾಂತನ ಟೇಬಲ್ಲಿಗೂ ಕೇಳಿಸುತ್ತಿತ್ತು. ಇಷ್ಟು ಪ್ರೀತಿಯಿಂದ ಯಾರೂ ಬರೆದಿರಲಿಲ್ಲ, ನೀನೇ ಬರೆದದ್ದಲ್ಲವೇ ಎಂದು ಕೇಳುತ್ತಿದ್ದಳು. ಗೋಪಿಕಾ ಒಂದು ಕ್ಷಣ ಅವನ ಕಡೆ ನೋಡಿದಳು. ಆಮೇಲೆ, “ಹೂನ್ರಿ ಬಾಯಿ, ನಾನ ಬರದೀನಿ,” ಎಂದಳು. ಫೋನಿಡುವಾಗ ಟಾವೆಲ್ಲಿನ ಆರ್ಡರೂ ಬಂದಿತ್ತು. ಗಾಜಿನ ಬಾಗಿಲಾಚೆ ಶೇಟರು ನಿಂತಿದ್ದರು. ಅವರು ವೇದಾಂತನತ್ತ ನೋಡಿ, ಸರಿಹೋಯಿತಲ್ಲ ಎನ್ನುವಂತೆ ಹುಬ್ಬು ಎತ್ತಿದರು.

ಸಂಕ್ರಮಣ ಮುಗಿಯಿತು. ಶೇಟರು ಗೋಪಿಕಾಳನ್ನು ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ಬಂದವಳು ಯಾರೊಂದಿಗೂ ಮಾತಾಡದೆ ಡಬ್ಬಿ, ಶಾಲು, ಚಿಕ್ಕ ಕನ್ನಡಿ ಚೀಲಕ್ಕೆ ತುಂಬಿದಳು. ಹೆಡ್‌ಫೋನನ್ನು ಒರೆಸಿ ಟೇಬಲ್ಲಿನ ಮೇಲೇ ಇಟ್ಟಳು.

ಸಂಜೆ ಸಾತ ರಸ್ತೆಯ ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಿತು. ಸುತ್ತ ರಿಕ್ಷಾಗಳು, ಹೊಗೆ.

“ನಿಂಗರ ಗೊತ್ತಿತ್ತೇನೋ ಇದು?”

ಅವನು ಮುಂದಿನ ಬಸ್ಸಿನ ಹಿಂಬದಿಯನ್ನೇ ನೋಡುತ್ತಿದ್ದ. ಅವಳು ತಾನೇ ಉತ್ತರ ಹೇಳಿಕೊಂಡಳು.

“ನಿಂಗೇನ್ ಗೊತ್ತಿರ್ತದ ಬಿಡು. ಗೊತ್ತಿದ್ರ ಹೇಳದs ಇರ್ತಿದ್ದೇನು.”

ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ವೇದಾಂತ ಸ್ಕೂಟರು ಮುಂದೆ ಬಿಟ್ಟ.