ಮುಚ್ಚದ ಊಹೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವಳಿಗೆ ಅದಿಲ್ಲದೆ ನಡೆಯುವುದೂ ಇಲ್ಲ. ಇದೇ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು ನನ್ನ ಸ್ವಂತ ತಮ್ಮ. ಮಾತಿಗೊಮ್ಮೆ 'ಆದ್ದರಿಂದ' ಅನ್ನುತ್ತಾನೆಂದು ಹುಡುಗರು ಅವನಿಗೆ 'ಆದ್ದರಿಂದ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದಾರೆ.

ಹೋದ ವರ್ಷ ಅವನ ತರಗತಿಗೆ ಹೋಂವರ್ಕ್ ಸಾಫ್ಟ್‌ವೇರ್ ಹಾಕಿದೆವು. ಹುಡುಗರು ಒಂದೊಂದೇ ಸಾಲು ಬರೆಯುತ್ತಾ ಒಂದು ಮಾತನ್ನು ಸಾಧಿಸಿ ತೋರಿಸಬೇಕು. ಸಾಲು ತಪ್ಪಿದರೆ ಅಲ್ಲೇ ಕೆಂಪಾಗುತ್ತದೆ. ನಡುವೆ 'ಹೀಗಿದೆ ಅಂದುಕೊಳ್ಳೋಣ' ಎಂದು ಏನು ಬೇಕಾದರೂ ಊಹಿಸಬಹುದು. ಊಹಿಸಿದೊಡನೆ ಪರದೆಯ ಮೇಲೊಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಆ ಊಹೆಯನ್ನು ನಂಬಿ ಬರೆದದ್ದೆಲ್ಲ ಅದರೊಳಗೆ. ಮುಗಿಸುವ ಮೊದಲು ಅದನ್ನು ಮುಚ್ಚಲೇಬೇಕು.

ಹುಡುಗರಿಗೆ ಕೊಡುವ ಮುಂಚೆ ಪರೀಕ್ಷೆ ಮಾಡಿ ನೋಡಲು ತಪ್ಪು ಮಾಡುವವರೊಬ್ಬರು ಬೇಕಿತ್ತು. ತಮ್ಮನಿಗೆ ಬೇಕೆಂದರೂ ತಪ್ಪು ಮಾಡಲು ಬಾರದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವನ ಹೆಂಡತಿಯನ್ನು ಕರೆತಂದು, ಅವಳ ಹೆಸರನ್ನೇ ಮಾದರಿ ವಿದ್ಯಾರ್ಥಿ ಎಂದು ಸೇರಿಸಿ ಕೂರಿಸಿದೆವು. ಅಬ್ಬಬ್ಬಾ, ಏನು ತಪ್ಪುಗಳು! ಒಂದು ಸಲವೂ ಪೆಟ್ಟಿಗೆ ಮುಚ್ಚಲಿಲ್ಲ.

"ಮುಚ್ಚೇ ಮಾರಾಯ್ತಿ," ಅಂದರೆ, "ಏನ್ ಅವಸರ ಅತ್ತಿಗೆ? ಊಹೆ ಚೆನ್ನಾಗೇ ಇದ್ಯಲ್ಲ, ಇರ್ಲಿ ಬಿಡಿ," ಅನ್ನುತ್ತಿದ್ದಳು. ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನಾನು ಚಿಕ್ಕಂದಿನಿಂದಲೂ ಕಂಡಿರಲಿಲ್ಲ.

ಬೇಸಿಗೆ ರಜೆಯಲ್ಲಿ ತಲೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಊರಿಗೆಲ್ಲ ಮಾತ್ರೆ ಕೊಟ್ಟವಳಿಗೆ ಒಂದು ಮಾತ್ರೆಯೂ ನಾಟಲಿಲ್ಲ.

ತಮ್ಮ ಅಳಲಿಲ್ಲ. ಕಾಲೇಜು ತೆರೆದ ದಿನವೇ ಬಂದು ಪಾಠ ಶುರುಮಾಡಿದ. ಗಟ್ಟಿ ಜೀವ ಅಂದುಕೊಂಡೆ. ಈ ವರ್ಷದ ತರಗತಿಗೆ ಹಳೆಯ ಪಾಠವನ್ನೇ ಸಾಫ್ಟ್‌ವೇರಿನಲ್ಲಿ ನಕಲು ಮಾಡಿಕೊಟ್ಟೆ. ಹಳೆ ಹುಡುಗರ ಹೆಸರು ಹೋದವು. ಮಾದರಿ ವಿದ್ಯಾರ್ಥಿಯ ಹೆಸರು ಮಾತ್ರ ಪಾಠದ ಜೊತೆಗೇ ಬಂದುಬಿಡುತ್ತದೆ, ಅದು ನನಗೆ ಆಗ ಹೊಳೆಯಲಿಲ್ಲ.

ಮೊನ್ನೆ ವರ್ಷದ ಕೊನೆಯ ಫಲಿತಾಂಶ ಕಳಿಸಲು ಹೋದರೆ ಸಾಫ್ಟ್‌ವೇರ್ ಬಿಡಲೊಲ್ಲದು. 'ಒಬ್ಬರು ಬಾಕಿ ಇದ್ದಾರೆ' ಎಂದಿತು. ಯಾವ ಸೋಮಾರಿಯೋ ಎಂದು ತೆರೆದರೆ ಅವಳ ಹೆಸರು. ಅದರ ಕೆಳಗೆ ವಾರವಾರದ ಹೋಂವರ್ಕ್. ಒಂದನ್ನು ಹಿಂದಿನ ದಿನ ತಾನೇ ಕಳಿಸಿದ್ದು!

ಸಿಟ್ಟು ನೆತ್ತಿಗೇರಿತು. ಸತ್ತವಳ ಹೆಸರಲ್ಲಿ ಆಟವಾಡುವಷ್ಟು ಕೊಬ್ಬು ಯಾವನಿಗೆ ಬಂತು? ದಡದಡನೆ ತಮ್ಮನ ಕೋಣೆಗೆ ನುಗ್ಗಿದೆ.

"ಲೋ, ನಿನ್ ಹೆಂಡ್ತಿ ಹೆಸರಲ್ಲಿ ಯಾವನೋ ಹೋಂವರ್ಕ್ ಕಳಿಸ್ತಿದಾನೆ ಕಣೋ. ಸಿಕ್ಕಲಿ, ಚರ್ಮ ಸುಲೀತೀನಿ!"

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಾನೇ ಅಕ್ಕಾ," ಅಂದ.

ಕಂಪ್ಯೂಟರಿನಲ್ಲಿ ಒಂದೊಂದೇ ಹೋಂವರ್ಕ್ ತೆರೆದು ತೋರಿಸಿದ. ಒಂದರಲ್ಲೂ ಪೆಟ್ಟಿಗೆ ಮುಚ್ಚಿರಲಿಲ್ಲ, ಥೇಟ್ ಅವಳು ಮಾಡುತ್ತಿದ್ದ ಹಾಗೆ. ಕೆಳಗೆ ಮೇಷ್ಟ್ರ ಷರಾ: 'ಮತ್ತೆ ಮುಚ್ಚಿಲ್ಲ. ಇನ್ನೊಮ್ಮೆ ಪ್ರಯತ್ನಿಸು.'

"ಸರಿಯಾಗಿ ಮುಗಿಸಿದವರ ಹೆಸರು ಬಾಕಿ ಪಟ್ಟಿಯಿಂದ ಹೋಗ್ಬಿಡತ್ತಲ್ಲ," ಅಂದ. "ತಪ್ಪು ಮಾಡ್ತಾ ಇದ್ರೆ ದಿನಾ ಬೆಳಗ್ಗೆ ತೆರೆದಾಗ ಇರ್ತಾಳೆ."

ಇರಲಿ ಬಿಡು ಅನ್ನಬೇಕೆನಿಸಿತು. ಆದರೆ ಒಂದು ತರಗತಿಯ ಹುಡುಗರ ಫಲಿತಾಂಶ ನಿಂತಿತ್ತು. "ನೋಡಪ್ಪಾ, ನಿನ್ ಕೈಲಾಗ್ದಿದ್ರೆ ನಾನೇ ಆ ಹೆಸರು ಅಳಿಸಿಬಿಡ್ತೀನಿ."

"ಬೇಡ ಬೇಡ. ಅಳಿಸಬೇಡ. ಅವಳು ಪಾಸಾಗ್ಲಿ," ಎಂದು ಕುರ್ಚಿ ಎಳೆದುಕೊಂಡ.

ಒಂದೊಂದನ್ನೇ ತೆರೆದು ಮುಚ್ಚುತ್ತಾ ಹೋದ. ಕೆಂಪು ಹಸಿರಾಗುತ್ತಾ ಬಂತು. ಕೊನೆಯದಕ್ಕೆ ಬಂದು ಕೈ ನಿಲ್ಲಿಸಿದ.

"ಪೆಟ್ಟಿಗೆ ಮುಚ್ಚಿದ್ಮೇಲೆ ಒಳಗಿಂದು ಏನೂ ಹೊರಗೆ ಬರಲ್ಲ ಅಕ್ಕಾ. 'ಹಾಗಿದ್ದಿದ್ರೆ ಹೀಗಾಗ್ತಿತ್ತು' ಅನ್ನೋದೊಂದು ಸಾಲು ಉಳಿಯತ್ತೆ. ಅಷ್ಟೇ."

"ಗೊತ್ತು ಕಣೋ," ಅಂದೆ. ಅವನ ಕೈಯ ಮೇಲೆ ನನ್ನ ಕೈಯಿಟ್ಟೆ. ಇಬ್ಬರೂ ಸೇರಿ ಒತ್ತಿದೆವು. ಷರಾ ಬರೆಯುವ ಜಾಗದಲ್ಲಿ ಅವನು 'ಸರಿಯಾಗಿದೆ' ಎಂದು ಬರೆದ.

ಪರದೆ ಒಂದು ಕ್ಷಣ ಬೆಳ್ಳಗಾಗಿ, 'ಯಾರೂ ಬಾಕಿ ಇಲ್ಲ' ಎಂದು ತೋರಿಸಿತು.

ತಮ್ಮ ಅದನ್ನು ಗಟ್ಟಿಯಾಗಿ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ನನ್ನ ಸೊಂಟಕ್ಕೆ ತಲೆಯಾನಿಸಿ, ಅವಳು ಹೋದ ಮೇಲೆ ಮೊದಲನೇ ಸಲ ಅತ್ತ. ಬಾಗಿಲಲ್ಲಿ ಯಾರೋ ಹುಡುಗರು ಇಣುಕಿದರು. ಬೈಯಲಿಲ್ಲ, ಕೈಬೀಸಿ ಹೋಗಿ ಅಂದೆ.