ಹಳದಿ ಕಾಲುಗಳ ಲೆಕ್ಕ

"ಸ್ವಲ್ಪ ಅಪ್ಪನ ತಲೆ ಎತ್ತಿ ಹಿಡ್ಕೊಳೇ," ಎನ್ನುತ್ತ ತಾಯಿ, ತೀರಿಹೋದ ಗಂಡನ ಅಂಗಿಯ ಕತ್ತಿನ ಗುಂಡಿ ಹಾಕಿದಳು. "ಬದುಕಿದ್ದಾಗ ಒಂದು ದಿನಾನಾದ್ರೂ ಹಾಕೋಕೆ ಬಿಟ್ರಾ?" ಅಳುತ್ತಿದ್ದ ಮಗಳಿಗೆ ನಗು ಬಂತು.

ಅಪ್ಪ ನಲವತ್ತು ವರ್ಷ ದೀಪಸ್ತಂಭ ಕಾದವನು. ಸಂಜೆ ದೀಪ ಹಚ್ಚುವ ಮುಂಚೆ ದುರ್ಬೀನು ಹಿಡಿದು, ಎದುರಿನ ಬಂಡೆಗೆ ತಂಗಲು ಬರುವ ಅಪರೂಪದ ಕಡಲಹಕ್ಕಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ, ಖುಷಿಯ ಕೆಲಸ. ಆ ಪುಸ್ತಕಗಳನ್ನು ನೋಡಲೆಂದೇ ವರ್ಷಕ್ಕೊಮ್ಮೆ ಬರುತ್ತಿದ್ದ, ಹಕ್ಕಿಗಳ ಅಧ್ಯಯನ ಮಾಡುವ ಹಕ್ಕಿ ಮೇಡಂ ಈಗ ಹೂ ಹಿಡಿದು ಬಂದಿದ್ದರು.

"ಮುಂದಿನ ವಾರ ನನ್ನ ವರದಿ ಅಚ್ಚಿಗೆ ಹೋಗುತ್ತೆ, ನಿಮ್ಮ ತಂದೆ ಹೆಸರೂ ಇದೆ. ಒಂದೇ ಸಂಜೆ ಹದಿನಾಲ್ಕು ಹಕ್ಕಿ! ಈ ಕರಾವಳಿಯಲ್ಲಿ ಯಾರೂ ಅಷ್ಟು ಕಂಡಿಲ್ಲ."

ಆ ಹದಿನಾಲ್ಕು ಅಪ್ಪ ಬರೆದದ್ದಲ್ಲ, ಮಗಳು ಬರೆದದ್ದು.

\*

ಅವಳಿಗಾಗ ಒಂಬತ್ತು ವರ್ಷ, ಅಪ್ಪನಿಗೆ ಜ್ವರ. ಬಂಡೆಯ ತುಂಬ ಹಕ್ಕಿಗಳು ರೆಕ್ಕೆಯೊಳಗೆ ತಲೆ ಹುದುಗಿಸಿ ನಿಂತಿರುತ್ತಿದ್ದವು. ಅಪರೂಪದವಕ್ಕೆ ಹಳದಿ ಕಾಲೊಂದೇ ಗುರುತು. "ಹಳದಿ ಕಾಲು ಎಣಿಸು, ಎರಡರಿಂದ ಭಾಗಿಸು. ಮಹಾ ವಿದ್ಯೆ ಏನಲ್ಲ," ಅಂದಿದ್ದ. ಅವಳು ಎಣಿಸಿ, ಹದಿನಾಲ್ಕು ಬರೆದು, ಆಡಲು ಓಡಿದಳು. ಭಾಗಿಸಲು ಮರೆತದ್ದು ನೆನಪಾಗುವಷ್ಟರಲ್ಲಿ ಅಪ್ಪ ಜ್ವರ ಮರೆತು ಊರಿಗೆಲ್ಲ ಸಾರಿಬಿಟ್ಟಿದ್ದ. ಹೇಳಲು ಅವಳಿಗೆ ಬಾಯಿ ಬರಲಿಲ್ಲ.

\*

"ಮೇಡಂ, ಅದನ್ನ ತೆಗೆದುಬಿಡಿ. ಅದು ಹಕ್ಕಿ ಅಲ್ಲ, ಕಾಲು." ಮಗಳು ಎಲ್ಲ ಹೇಳಿ ಮುಗಿಸಿದಳು. ಮಣ್ಣಿಗೆ ಹೋಗುವ ದಿನವೇ ಅಪ್ಪನ ಮರ್ಯಾದೆ ತೆಗೆದೆನಲ್ಲ ಎಂದು ಸಂಕಟವಾಯಿತು.

ಮೇಡಂ ಹುಬ್ಬು ಗಂಟಿಕ್ಕಿದರು. "ತಂದೆ ದಿನಾ ಹೀಗೇ ಭಾಗಿಸ್ತಿದ್ರಾ?"

"ನಲವತ್ತು ವರ್ಷಾನೂ."

"ಅಲ್ಲಲ್ಲಿ 'ಒಂದು ಕಾಲು ಬಂಡೆಯ ಮರೆ' ಅಂತ ಬರೆದಿದಾರಲ್ಲ?"

"ಬೆಸಸಂಖ್ಯೆ ಬಂದ ದಿನ ಹಾಗೆ ಬರೀತಿದ್ರು."

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು, ಆದರೂ ನಗು ತಡೆಯಲಾಗಲಿಲ್ಲ. "ಅಯ್ಯೋ, ಆ ಹಕ್ಕಿ ಮಲಗೋದೇ ಒಂಟಿ ಕಾಲಲ್ಲಿ! ಇನ್ನೊಂದನ್ನ ಪುಕ್ಕದೊಳಗೆ ಮಡಚಿಕೊಳ್ಳುತ್ತೆ. ನಿಮ್ಮ ಹದಿನಾಲ್ಕೇ ಸರಿ. ತಪ್ಪಿದ್ದು ಮಿಕ್ಕ ನಲವತ್ತು ವರ್ಷದ್ದು. ಅಂದ್ರೆ, ನಾವು ಅಂದುಕೊಂಡಿದ್ದಕ್ಕಿಂತ ಎರಡರಷ್ಟು ಹಕ್ಕಿ ಇವೆ!"

"ಇವ್ರು ನಾನು ಹೇಳಿದ್ದನ್ನೂ ಯಾವತ್ತೂ ಅರ್ಧಾನೇ ಕೇಳಿಸ್ಕೊಂಡಿದ್ದು," ಎಂದಳು ತಾಯಿ. ಮನೆಯ ತುಂಬ ನಗು. ಮಗಳು ಮಾತ್ರ ಹಗುರಾಗಿ, ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಅಪ್ಪನನ್ನು ಹೊತ್ತು ಕಡಲ ದಾರಿ ಹಿಡಿದಾಗ, ಬಂಡೆಯ ಎದುರು ತಾಯಿ ನಿಂತುಬಿಟ್ಟಳು. "ಇವತ್ತಿಂದು ಎಣಿಸೋರು ಯಾರು?"

ಮಗಳು ಕೊರಳಲ್ಲಿ ಹಾಕಿಕೊಂಡು ಬಂದಿದ್ದ ಅಪ್ಪನ ದುರ್ಬೀನು ಕಣ್ಣಿಗಿಟ್ಟಳು. ಹೊತ್ತಿದ್ದ ಆರೂ ಜನ ಭುಜ ಬದಲಿಸಿ ನಿಂತರು. ಅಪ್ಪನೂ ಅವರ ಹೆಗಲ ಮೇಲೆ ಕಾಯುತ್ತಿದ್ದ. "ಹದಿನೈದು... ಹದಿನಾರು..." ಅವಳ ದನಿ ಏರುತ್ತಲೇ ಇತ್ತು.